ಕಪ್ಪು ಗಾಜು: ಅಳತೆ ಎಲ್ಲರಿಗೂ ಒಂದೇ ಆಗಲಿ

ಕಾರಿನ ಗಾಜಿಗೆ ಫಿಲ್ಮ್ ಅಂಟಿಸುವುದು ಅಪರಾಧವೇ? ರಸ್ತೆಯಲ್ಲಿ ತಡೆದ ಪೊಲೀಸರಿಗಾಗಲಿ, ತಡೆಯಲ್ಪಟ್ಟ ಚಾಲಕನಿಗಾಗಲಿ ಇದರ ಉತ್ತರ ಸ್ಪಷ್ಟವಿಲ್ಲ. ಕಾನೂನು ಅಸ್ಪಷ್ಟವಾದಲ್ಲಿ ದಂಡ ವಿಧಿಸುವವರ ಇಷ್ಟವೇ ಕಾನೂನಾಗಿಬಿಡುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ. 70, ಬದಿಯ ಕಿಟಕಿಗಳ ಮೂಲಕ ಶೇ. 50ರಷ್ಟು ಬೆಳಕು ಹಾಯಬೇಕು. ಕಪ್ಪು ಗಾಜಿನ ಮರೆಯಲ್ಲಿ ನಡೆಯುವ ಅಪರಾಧಗಳನ್ನು ಗಮನಿಸಿದ ಸುಪ್ರೀಂ ಕೋರ್ಟು 2012ರ ಎಪ್ರಿಲ್ 27ರಂದು, ಗಾಜಿನ ಮೇಲೆ ಯಾವ ಪ್ರಮಾಣದ ಫಿಲ್ಮನ್ನೂ ಅಂಟಿಸಬಾರದೆಂದು ಆದೇಶಿಸಿತು. ಝಡ್ ಮತ್ತು ಝಡ್ ಪ್ಲಸ್ ಭದ್ರತೆಯುಳ್ಳವರ ಅಧಿಕೃತ ವಾಹನಗಳಿಗೆ ಮಾತ್ರ, ಅದೂ ಉನ್ನತ ಸಮಿತಿಯ ಪರಿಶೀಲನೆಯ ಬಳಿಕ, ವಿನಾಯಿತಿಗೆ ಅವಕಾಶವಿತ್ತು.

2021ರ ಎಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಪ್ಲಾಸ್ಟಿಕ್ ಪದರವಿರುವ ಗಾಜಿಗೂ ಅವಕಾಶ ನೀಡಿತು. ಇದನ್ನೇ ಆಧರಿಸಿ ಕೇರಳ ಹೈಕೋರ್ಟು 2024ರ ಸೆಪ್ಟೆಂಬರ್‌ನಲ್ಲಿ, ನಿಗದಿತ ಬೆಳಕು ಹಾಯುವ ಫಿಲ್ಮ್‌ಗೆ ದಂಡ ವಿಧಿಸುವಂತಿಲ್ಲ ಎಂದಿತು. ಆದರೆ ಆ ತೀರ್ಪಿನ ನೇರ ವ್ಯಾಪ್ತಿ ಕೇರಳಕ್ಕೆ ಸೀಮಿತ. ಕಾಸರಗೋಡಿನಲ್ಲಿ ನಿರಾತಂಕವಾಗಿ ಓಡುವ ಕಾರು ತಲಪಾಡಿ ಗಡಿ ದಾಟಿದೊಡನೆ ವಿವಾದಕ್ಕೆ ಸಿಲುಕಬಹುದು. ಕೇಂದ್ರದ ನಿಯಮವೊಂದಕ್ಕೆ ರಾಜ್ಯಕ್ಕೊಂದು ಅರ್ಥವಿರುವುದು ನ್ಯಾಯವೇ? ಕೇಂದ್ರ ಸಾರಿಗೆ ಸಚಿವಾಲಯವು ಇದನ್ನು ಸ್ಪಷ್ಟಪಡಿಸಬೇಕು.

ನಮ್ಮ ಆಗ್ರಹವಿಷ್ಟೇ. ಗಾಜಿನ ಬೆಳಕನ್ನು ಅಳೆಯುವ ಉಪಕರಣಗಳಿವೆ. ದಂಡಕ್ಕೆ ಅದರ ಅಂಕಿಯೇ ಆಧಾರವಾಗಲಿ. ಕಣ್ಣಂದಾಜಿನ ತಪಾಸಣೆಯಲ್ಲಿ ಗಾಜಿಗಿಂತ ಮೊದಲು ಒಳಗೆ ಕುಳಿತವರ ಮುಖ, ಉಡುಪು, ಅಂತಸ್ತುಗಳು ಕಣ್ಣಿಗೆ ಬೀಳುತ್ತವೆ. ಬಡವನ ಹಳೆಯ ವ್ಯಾನನ್ನು ತಡೆದು, ಪಕ್ಷದ ಧ್ವಜ ಕಟ್ಟಿದ ಕಪ್ಪು ಗಾಜಿನ ಕಾರಿಗೆ ಸಲಾಮು ಹೊಡೆಯುವ ವ್ಯವಸ್ಥೆಯು ಜನರಿಗೆ ಕಾನೂನಿನ ಮೇಲಿನ ಗೌರವವನ್ನು ಕಲಿಸಲಾರದು.

ಹಾಗೆಂದು ನಮ್ಮ ಹೊಣೆ ಮುಗಿಯುವುದಿಲ್ಲ. ಬಿಸಿಲು, ಮನೆಯ ಸ್ತ್ರೀಯರ ಮರೆ ಎಂಬ ಕಾರಣಗಳನ್ನು ನಾವು ಮುಂದಿಡುತ್ತೇವೆ. ಮಾನಮರ್ಯಾದೆಯು ನಡತೆಯಲ್ಲಿರುತ್ತದೆಯೇ ಹೊರತು ಅಂಗಡಿಯಲ್ಲಿ ಅಂಟಿಸಿಕೊಂಡ ಹಾಳೆಯಲ್ಲಲ್ಲ. ಮೇಲಾಗಿ, ಕತ್ತಲ ಗಾಜಿನೊಳಗಿನ ಚಾಲಕನಿಗೆ ರಾತ್ರಿಯ ಮಳೆಯಲ್ಲಿ ರಸ್ತೆ ದಾಟುವ ಮಗು ಕಾಣದೆ ಹೋದರೆ ಯಾವ ನೆಪವೂ ಆ ತಾಯಿಗೆ ಸಾಂತ್ವನವಾಗದು. ಅಳತೆ ಮೀರಿದ ಫಿಲ್ಮನ್ನು ಪೊಲೀಸರು ಕೀಳುವ ಮುನ್ನ ನಾವೇ ಕಿತ್ತುಹಾಕೋಣ. ಆಗ ಕಾನೂನನ್ನು ಎಲ್ಲರಿಗೂ ಸಮಾನವಾಗಿ ಅನ್ವಯಿಸಿರೆಂದು ಕೇಳುವ ನಮ್ಮ ಮಾತಿಗೆ ತೂಕ ಬರುತ್ತದೆ.