ಉಗ್ರಾಣ ಯಾರದು, ಹೊಣೆ ಯಾರದು?

ಹೊಸಕೋಟೆಯಿಂದ ಪಿಲ್ಲಗುಂಪೆಯ ಕಡೆಗೆ ಹೊರಟವರಿಗೆ ಈಗ ರಾಗಿಯ ಹೊಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ತಗಡಿನ ಚಾವಣಿ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಲಿಯು ನಿವೇಶನ ಹಂಚಿದ ಕಡೆ ಮೊದಲು ಕಾರಖಾನೆಗಳೆದ್ದವು. ತರುವಾಯ ತಾಲ್ಲೂಕಿನ ರಸ್ತೆಗಳ ಇಕ್ಕೆಲದಲ್ಲಿ, ಕಾರಖಾನೆಗಳಿಗಿಂತ ಎತ್ತರವಾಗಿ, ಉಗ್ರಾಣಗಳೆದ್ದವು. ಇವುಗಳಲ್ಲಿ ಏನನ್ನೂ ತಯಾರಿಸುವುದಿಲ್ಲ. ಬೇರೆಯವರು ತಯಾರಿಸಿದ್ದನ್ನು ಇಳಿಸಿ, ಇರಿಸಿ, ಎಣಿಸಿ, ಕಟ್ಟಿ, ಮತ್ತೆ ಲಾರಿಗೆ ಏರಿಸುವುದೇ ಇಲ್ಲಿಯ ಉದ್ಯೋಗ. ನಮ್ಮ ಹಿರಿಯರು ಮಂಡಿ, ಲಾರಿ ಆಫೀಸು ಎಂದು ಕರೆಯುತ್ತಿದ್ದುದಕ್ಕೆ ಈಗ ಲಾಜಿಸ್ಟಿಕ್ಸ್ ಎಂಬ ದೊಡ್ಡ ಹೆಸರು ಬಂದಿದೆ. ಹೆಸರು ದೊಡ್ಡದಾದಷ್ಟು ಮೂಟೆ ಹೊರುವವನ ಮಜೂರಿ ದೊಡ್ಡದಾಗಿಲ್ಲ.

ಬೆಳೆಯುತ್ತಿರುವ ಸಣ್ಣ ಉದ್ಯಮದ ಯಜಮಾನನು ತನ್ನ ದಾಸ್ತಾನನ್ನೂ ಸಾಗಣೆಯನ್ನೂ ಇಂಥವರಿಗೆ ವಹಿಸಿಬಿಡಬಹುದೇ ಎಂಬುದು ಪಿಲ್ಲಗುಂಪೆಯಂಥ ಕಡೆ ದಿನನಿತ್ಯದ ಪ್ರಶ್ನೆ. ಅದು ವರ್ತಕರ ವಿಚಾರ, ಸಮಾಜವಾದಿ ಪತ್ರಿಕೆಗೆ ಅದರ ಗೊಡವೆ ಯಾಕೆ ಎಂದು ಕೇಳುವವರು ಇದ್ದಾರೆ. ಒಬ್ಬನ ಹೆಗಲಿನಿಂದ ಇಳಿದ ಹೊರೆ ಇನ್ನೊಬ್ಬನ ಹೆಗಲಿಗೆ ಏರಲೇಬೇಕು. ಆ ಇನ್ನೊಬ್ಬ ಯಾರು, ಅವನ ಯೋಗಕ್ಷೇಮಕ್ಕೆ ಉತ್ತರ ಹೇಳುವವರು ಯಾರು ಎಂಬುದು ನಮ್ಮ ಗೊಡವೆ.

ಮೊದಲು ಯಜಮಾನನ ಕಷ್ಟವನ್ನೇ ನೋಡೋಣ. ಅವನನ್ನು ನಾವು ಬಂಡವಾಳಶಾಹಿ ಎಂದು ಬೈದು ಕೂರುವವರಲ್ಲ. ಹತ್ತಿಪ್ಪತ್ತು ಮಂದಿಯನ್ನಿಟ್ಟುಕೊಂಡು ಪ್ಲಾಸ್ಟಿಕ್ ಡಬ್ಬಿಯನ್ನೋ ಯಂತ್ರದ ಬಿಡಿಭಾಗವನ್ನೋ ಮಾಡುವವನು ಅರ್ಧ ಕೆಲಸಗಾರನೇ. ಬೇಡಿಕೆ ಏರಿದಾಗ ಅವನ ಶೆಡ್ಡಿನಲ್ಲಿ ಯಂತ್ರಕ್ಕೆ ಜಾಗವಿಲ್ಲದಂತೆ ತಯಾರಾದ ಮಾಲು ತುಂಬಿಕೊಳ್ಳುತ್ತದೆ. ಸ್ವಂತ ಲಾರಿ ಕೊಂಡರೆ ತಿಂಗಳಲ್ಲಿ ಅರ್ಧ ದಿನ ಅದು ಸುಮ್ಮನೆ ನಿಲ್ಲುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಹಬ್ಬದ ತಿಂಗಳಿಗೆ ಹತ್ತು ಆಳು ಬೇಕು, ಆಷಾಢದಲ್ಲಿ ಮೂರು ಆಳು ಹೆಚ್ಚು. ಇಂಥವನು ಜಾಗವನ್ನು ಬಾಡಿಗೆಗೂ ಸಾಗಣೆಯನ್ನು ಗುತ್ತಿಗೆಗೂ ಕೊಟ್ಟರೆ ಆಶ್ಚರ್ಯವಿಲ್ಲ, ತಪ್ಪೂ ಇಲ್ಲ.

ಇಷ್ಟು ಉಗ್ರಾಣಗಳು ಇಲ್ಲೇ ಏಕೆ ಎದ್ದವು ಎಂಬುದನ್ನೂ ಹೇಳಬೇಕು. ಹಿಂದೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಾಟ ಮಾಡಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ತನ್ನದೇ ಗೋಡೌನಿಗೆ ಮಾಲು ಕಳುಹಿಸಿದರೆ ಬೀಳುತ್ತಿರಲಿಲ್ಲ. ಆದ್ದರಿಂದ ದೊಡ್ಡ ಕಂಪೆನಿಗಳು ರಾಜ್ಯಕ್ಕೊಂದರಂತೆ ಸಣ್ಣ ಗೋಡೌನು ಇಟ್ಟುಕೊಂಡಿದ್ದವು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಆ ಕಾರಣ ಹೋಯಿತು. ಚದುರಿದ್ದ ದಾಸ್ತಾನು ದೊಡ್ಡ ಪಟ್ಟಣಗಳ ಅಂಚಿನ ದೊಡ್ಡ ಉಗ್ರಾಣಗಳಿಗೆ ಬಂದು ಸೇರಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಈ ಉದ್ಯಮಕ್ಕೆ ಮೂಲಸೌಕರ್ಯದ ಸ್ಥಾನಮಾನ ಕೊಟ್ಟು ಸಾಲದ ಬಾಗಿಲನ್ನು ಅಗಲ ಮಾಡಿತು. ಹೊಸಕೋಟೆಗೆ ಒಂದು ಕಡೆ ಬೆಂಗಳೂರಿನ ಗಿರಾಕಿ, ಇನ್ನೊಂದು ಕಡೆ ಮದರಾಸಿನ ಬಂದರು. ಮೇಲಾಗಿ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಹೊರಡುವುದೂ ಇಲ್ಲಿಂದಲೇ. ನೆಲಮಂಗಲದ ಕಡೆಯೂ ಇದೇ ಕಥೆ.

ಹೊರಗೆ ವಹಿಸುವ ಯಜಮಾನನು ಕರಾರುಪತ್ರದ ಸಣ್ಣಕ್ಷರಗಳನ್ನು ಓದಿಕೊಳ್ಳಬೇಕು. ಒಂದು ಲೆಕ್ಕ ನೋಡಿ. ನಲವತ್ತು ಸೆಂಟಿಮೀಟರು ಉದ್ದ, ಮೂವತ್ತು ಅಗಲ, ಮೂವತ್ತು ಎತ್ತರದ ಒಂದು ಪೆಟ್ಟಿಗೆ. ತಕ್ಕಡಿಯಲ್ಲಿ ಅದರ ತೂಕ ಮೂರು ಕಿಲೋ. ಸಾಗಣೆಯವನು ಈ ಮೂರು ಅಳತೆಗಳನ್ನು ಗುಣಿಸಿ 5000ದಿಂದ ಭಾಗಿಸುತ್ತಾನೆ. ಆಗ 7.2 ಕಿಲೋ ಆಗುತ್ತದೆ, ಬಿಲ್ಲು ಬರುವುದು ಅದಕ್ಕೆ. ಗಾಳಿಗೂ ಬಾಡಿಗೆ ಎಂದರೆ ಇದೇ. ಪೂರ್ತಿ ಅನ್ಯಾಯವೆನ್ನಲಾಗದು, ಲಾರಿಯಲ್ಲಿ ಜಾಗವೂ ಮುಗಿಯುವ ವಸ್ತುವೇ. ಆದರೆ ಇದನ್ನು ತಿಳಿಯದೆ ಬೆಲೆ ಗೊತ್ತುಮಾಡಿದವನು ಮಾರಿದಷ್ಟೂ ಕಳೆದುಕೊಳ್ಳುತ್ತಾನೆ. ಗಿರಾಕಿ ಬೇಡವೆಂದು ಹಿಂದಿರುಗಿಸಿದ ಮಾಲಿನ ಬಾಡಿಗೆಯೂ ಸಾಮಾನ್ಯವಾಗಿ ಅವನ ತಲೆಗೇ.

ಇನ್ನು ಮಾಲು ಕಳೆದರೆ? 2007ರ ರಸ್ತೆ ಸಾಗಣೆ ಕಾಯಿದೆಯೂ 2011ರ ಅದರ ನಿಯಮಗಳೂ ಹೇಳುವಂತೆ, ಮಾಲಿನ ಹೆಚ್ಚಿನ ಬೆಲೆಯನ್ನು ಮೊದಲೇ ಬರೆಸಿ ಅದಕ್ಕೆ ತಕ್ಕ ದರ ಕೊಟ್ಟಿರದಿದ್ದರೆ, ಸಾಗಣೆದಾರನ ಹೊಣೆ ಬಾಡಿಗೆಯ ಹತ್ತುಪಟ್ಟಿಗೆ ನಿಲ್ಲುತ್ತದೆ. ಆರುನೂರು ರೂಪಾಯಿ ಬಾಡಿಗೆ ಕೊಟ್ಟು ಅರವತ್ತು ಸಾವಿರದ ಮಾಲು ಕಳುಹಿಸಿದವನಿಗೆ ಸಿಗುವುದು ಆರು ಸಾವಿರ. ಉಗ್ರಾಣದಲ್ಲಿ ಇಟ್ಟ ಮಾಲಿನ ಸಂಗತಿ ಬೇರೆ. ಅದನ್ನು ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಮಾಲನ್ನು ಕಾಯುವಷ್ಟು ಎಚ್ಚರಿಕೆಯಿಂದ ಕಾಯಬೇಕೆಂದು 1872ರ ಕರಾರು ಕಾಯಿದೆಯೇ ಹೇಳುತ್ತದೆ. ಆದರೆ ಬಾಕಿ ತೀರುವ ತನಕ ಮಾಲು ಬಿಡುವುದಿಲ್ಲವೆಂಬ ಷರತ್ತನ್ನು ಕರಾರಿನಲ್ಲಿ ಬರೆದಿರುತ್ತಾರೆ. ಒಂದು ತಿಂಗಳು ಬಾಡಿಗೆ ಹಿಂದೆ ಬಿದ್ದವನಿಗೆ ತನ್ನದೇ ಮಾಲು ಪರರ ಬೀಗದ ಹಿಂದೆ.

ಇಷ್ಟು ಯಜಮಾನನ ವಿಚಾರ. ಅವನಿಗೆ ವಕೀಲರಿದ್ದಾರೆ, ಸಂಘವಿದೆ. ಒಳಗೆ ದುಡಿಯುವವನ ಕಡೆ ತಿರುಗೋಣ.

ಕಾರಖಾನೆಯವನು ಸಾಗಣೆ ಕಂಪೆನಿಗೆ ವಹಿಸುತ್ತಾನೆ. ಕಂಪೆನಿಯು ಆಳುಗಳನ್ನು ಒದಗಿಸುವ ಗುತ್ತೇದಾರನಿಗೆ ವಹಿಸುತ್ತದೆ. ಅವನು ಒಬ್ಬ ಮೇಸ್ತ್ರಿಗೆ ಹೇಳುತ್ತಾನೆ. ಮೇಸ್ತ್ರಿ ಒಡಿಶಾದಿಂದಲೋ ಬಿಹಾರದಿಂದಲೋ ರಾಯಚೂರಿನಿಂದಲೋ ಹುಡುಗರನ್ನು ಕರೆತರುತ್ತಾನೆ. ಪೆಟ್ಟಿಗೆ ಬಿದ್ದು ಹುಡುಗನ ಕಾಲು ಜಜ್ಜಿಹೋದರೆ ಮೇಸ್ತ್ರಿ ಗುತ್ತೇದಾರನ ಕಡೆ, ಗುತ್ತೇದಾರ ಕಂಪೆನಿಯ ಕಡೆ, ಕಂಪೆನಿ ಕರಾರುಪತ್ರದ ಕಡೆ ಕೈತೋರಿಸುವುದು ಬಲು ಸುಲಭ. ಪೆಟ್ಟಿಗೆಯ ಮೇಲೆ ಯಾರ ಹೆಸರು ಅಚ್ಚಾಗಿದೆಯೋ ಅವನಿಗೆ ಆ ಹುಡುಗ ಹುಟ್ಟಿದ್ದೇ ಗೊತ್ತಿರುವುದಿಲ್ಲ.

ದೂರದ ಒಂದು ಉದಾಹರಣೆ ಕೊಡುತ್ತೇವೆ. 2024ರಲ್ಲಿ ಹರಿಯಾಣದ ಮಾನೇಸರಿನಲ್ಲಿ ಅಮೆಜಾನ್ ಉಗ್ರಾಣವೊಂದರ ಕೆಲಸಗಾರರಿಂದ, ಗೊತ್ತುಪಡಿಸಿದಷ್ಟು ಲಾರಿಗಳ ಮಾಲು ಇಳಿಸಿ ಮುಗಿಯುವ ತನಕ ನೀರು ಕುಡಿಯಲಿಕ್ಕೂ ಶೌಚಕ್ಕೂ ಹೋಗುವುದಿಲ್ಲವೆಂದು ಪ್ರತಿಜ್ಞೆ ಮಾಡಿಸಲಾಯಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ತಾನಾಗಿಯೇ ಅದನ್ನು ಕೈಗೆತ್ತಿಕೊಂಡು ಕೇಂದ್ರ ಕಾರ್ಮಿಕ ಇಲಾಖೆಗೆ ನೋಟೀಸು ಕಳುಹಿಸಿತು. ಅದು ಒಂದೆಡೆ ನಡೆದ ಬಿಡಿ ಘಟನೆ ಎಂಬುದು ಕಂಪೆನಿಯ ಸಮಜಾಯಿಷಿ. ಇರಬಹುದು. ಹಾಗಾದರೆ ನಮ್ಮ ತಾಲ್ಲೂಕಿನ ತಗಡಿನ ಚಾವಣಿಗಳ ಕೆಳಗೆ, ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ, ಗಂಟೆಗೆ ಎಷ್ಟು ಪೆಟ್ಟಿಗೆಯ ಲೆಕ್ಕ ಇಟ್ಟಿದ್ದಾರೆಂದು ಕಾರ್ಮಿಕ ಇಲಾಖೆ ಒಮ್ಮೆ ಒಳಗೆ ಹೋಗಿ ನೋಡಿ ಜನರಿಗೆ ತಿಳಿಸಲಿ.

ಕಾನೂನು ಏನು ಹೇಳುತ್ತದೆ? 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು ಮೂಲದಲ್ಲಿ ಇಪ್ಪತ್ತು ಮಂದಿ ಗುತ್ತಿಗೆಯವರಿದ್ದ ಕಡೆಗೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದು ಆ ಕಾಯಿದೆಯನ್ನು ತೆಗೆದುಹಾಕಿತು. ಹೊಸ ಸಂಹಿತೆಯಲ್ಲಿ ಇಪ್ಪತ್ತು ಹೋಗಿ ಐವತ್ತಾಯಿತು. ನಲವತ್ತೊಂಬತ್ತು ಆಳುಗಳ ಗುತ್ತೇದಾರನು ಈಗ ಲೈಸೆನ್ಸಿನ ಹಂಗಿಲ್ಲದ ಮಹಾರಾಜ. ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನು ಹಚ್ಚಬಾರದೆಂದು ಸಂಹಿತೆಯಲ್ಲಿ ಬರೆದಿದ್ದಾರೆ, ಸಂತೋಷ. ಆದರೆ ಯಾವುದು ಮುಖ್ಯ ಕೆಲಸವಲ್ಲ ಎಂಬ ಪಟ್ಟಿಯಲ್ಲಿ ಮಾಲು ಏರಿಸುವುದು, ಇಳಿಸುವುದು ಸೇರಿದೆ! ಸಂಸ್ಥೆಯನ್ನು ಆ ಕೆಲಸಕ್ಕಾಗಿಯೇ ಸ್ಥಾಪಿಸಿದ್ದರೆ ಮಾತ್ರ ಅದು ಮುಖ್ಯ ಕೆಲಸ.

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಡಬ್ಬಿ ಮಾಡುವವನಿಗೆ ಮಾಲು ಏರಿಸುವುದು ಮುಖ್ಯ ಕೆಲಸವಲ್ಲ, ಒಪ್ಪೋಣ. ಆದರೆ ಸಾಗಣೆ ಕಂಪೆನಿಗೆ ಅದಲ್ಲದೆ ಬೇರೆ ಯಾವ ಕೆಲಸವಿದೆ? ಅದು ಹುಟ್ಟಿದ್ದೇ ಏರಿಸಲಿಕ್ಕೆ, ಇಳಿಸಲಿಕ್ಕೆ. ಅಲ್ಲಿ ಆಳುಗಳು ಕಂಪೆನಿಯ ಸ್ವಂತ ಕೆಲಸಗಾರರಾಗಿರಬೇಕಾದುದೇ ನ್ಯಾಯ. ಇದಕ್ಕೂ ಒಂದು ಕಂಡಿ ಬಿಟ್ಟಿದ್ದಾರೆ. ಸಾಮಾನ್ಯವಾಗಿ ಗುತ್ತಿಗೆಯಿಂದಲೇ ನಡೆದುಬಂದ ಕೆಲಸವಾದರೆ, ಅಥವಾ ಕೆಲಸ ಹಠಾತ್ತನೆ ಹೆಚ್ಚಿದರೆ, ಗುತ್ತಿಗೆಗೆ ಅಡ್ಡಿಯಿಲ್ಲ. ಇಷ್ಟು ದಿನ ತಪ್ಪು ನಡೆದುಬಂದಿದೆ ಎಂಬುದೇ ಮುಂದೆ ನಡೆಸಲು ಅಪ್ಪಣೆ!

ಗುತ್ತೇದಾರನು ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ನಿಯಮ ಹಳೆಯ ಕಾಯಿದೆಯಲ್ಲಿತ್ತು, ಹೊಸದರಲ್ಲಿಯೂ ಇದೆ. ಕಾರ್ಮಿಕ ಸಂಘಗಳು ಹಿಡಿದುಕೊಳ್ಳಬೇಕಾದ ಎಳೆ ಇದು. ಇನ್ನೊಂದು ವಿಚಿತ್ರ ನೋಡಿ. 2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಕಾಯಿದೆ ಮಾಡಿತು. ಪ್ರತಿ ವ್ಯವಹಾರದ ಮೇಲೆ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲು ಮಾಡಿ ಮಂಡಲಿಯ ಮೂಲಕ ಅವರಿಗೆ ವಿನಿಯೋಗಿಸುವ ಏರ್ಪಾಡು ಅದರಲ್ಲಿದೆ. ಮೆಚ್ಚಬೇಕಾದ ಕೆಲಸ. ಪೊಟ್ಟಣವನ್ನು ಮೋಟಾರು ಸೈಕಲ್ಲಿನಲ್ಲಿ ಮನೆಬಾಗಿಲಿಗೆ ತಂದುಕೊಡುವ ಹುಡುಗ ಲೆಕ್ಕಕ್ಕೆ ಬಂದ. ಅದೇ ಪೊಟ್ಟಣವನ್ನು ಉಗ್ರಾಣದಲ್ಲಿ ಕಟ್ಟಿದ ಹುಡುಗ ಗುತ್ತೇದಾರನ ಆಳಾಗಿ ಆ ಲೆಕ್ಕದ ಹೊರಗೇ ಉಳಿದ.

ಅವನನ್ನು ಲೆಕ್ಕಕ್ಕೆ ತರುವ ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ 1969ರಲ್ಲೇ ಮಾಥಾಡಿ ಮತ್ತು ಹಮಾಲ ಕೆಲಸಗಾರರ ಕಾಯಿದೆ ಬಂತು. ಕೆಲಸಗಾರನೂ ವರ್ತಕನೂ ಮಂಡಲಿಯಲ್ಲಿ ಹೆಸರು ನೋಂದಾಯಿಸಬೇಕು. ವರ್ತಕನು ಕೂಲಿಯನ್ನೂ ಅದರ ಮೇಲೆ ಗೊತ್ತಾದ ಲೇವಿಯನ್ನೂ ಮಂಡಲಿಗೆ ಕಟ್ಟುತ್ತಾನೆ. ಮಂಡಲಿಯಿಂದ ಕೂಲಿ, ಭವಿಷ್ಯನಿಧಿ, ಗ್ರಾಚ್ಯುಯಿಟಿ ಹಮಾಲನಿಗೆ ಬರುತ್ತವೆ. ಅವನು ಇಂದು ಈ ಮಳಿಗೆಯಲ್ಲಿ, ನಾಳೆ ಆ ಮಳಿಗೆಯಲ್ಲಿ ದುಡಿದರೂ ಹಕ್ಕು ಅವನ ಜೊತೆಯಲ್ಲೇ ನಡೆಯುತ್ತದೆ. ಆ ಕಾಯಿದೆಯೇನೂ ಮುಂಬಯಿಯ ಸೇಠ್‌ಜಿಗಳ ದಯೆಯಿಂದ ಬಂದುದಲ್ಲ. ಹಮಾಲರು ಸಂಘ ಕಟ್ಟಿ ಬೀದಿಗಿಳಿದರು. ಪುಣೆಯಲ್ಲಿ ಹಮಾಲ್ ಪಂಚಾಯತ್ ಕಟ್ಟಿ ಮೂಟೆ ಹೊರುವವರ ನಡುವೆಯೇ ಬದುಕು ಸವೆಸಿದ ಸಮಾಜವಾದಿ ಬಾಬಾ ಆಢಾವರು 2025ರ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮಲ್ಲಿ ಹಮಾಲರಿಗೆ ಅಪಘಾತವಾದಾಗ ಪರಿಹಾರ ಕೊಡುವ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆ ಬಂದಿದೆ. ಬಿದ್ದ ಮೇಲೆ ಕೈಹಿಡಿಯುವುದು ಬೇಡವೆನ್ನಲಾರೆವು. ಕೂಲಿಗೇ ಭದ್ರತೆ ಕೊಡುವ ಮಂಡಲಿ ಬೇರೆಯೇ ಮಾತು.

ಸಣ್ಣ ಯಜಮಾನನಿಗೂ ದೊಡ್ಡ ಕಂಪೆನಿಯ ಬಾಗಿಲಲ್ಲದೆ ಬೇರೆ ದಾರಿಯಿಲ್ಲವೆಂದು ಹೇಳುವವರ ಮಾತು ನಾವು ಒಪ್ಪುವುದಿಲ್ಲ. ಹೊಸಕೋಟೆಯ ಯಾವ ಹಳ್ಳಿಯ ಹಾಲಿನ ಡೈರಿಗಾದರೂ ಬೆಳಗ್ಗೆ ಹೋಗಿ ನೋಡಲಿ. ಎರಡು ಲೀಟರು ಹಾಲು ತಂದ ಹೆಂಗಸಿಗೆ ಸ್ವಂತ ಲಾರಿಯಿಲ್ಲ, ಶೀತಲಗೃಹವಿಲ್ಲ. ದಾಸ್ತಾನು, ಸಾಗಣೆ, ಮಾರಾಟ ಮೂರನ್ನೂ ಅವಳು ಹೊರಗೆ ವಹಿಸಿದ್ದಾಳೆ. ಆದರೆ ವಹಿಸಿದ್ದು ತನಗೆ ಓಟಿರುವ ಸಂಘಕ್ಕೆ. ಅಳತೆ ತಪ್ಪಿದರೆ ಸಂಘದ ಸಭೆಯಲ್ಲಿ ಎದ್ದು ಕೇಳಬಲ್ಲಳು. ಒಕ್ಕೂಟಗಳಲ್ಲೂ ಗುತ್ತಿಗೆ ಕೆಲಸಗಾರರುಂಟು, ರಾಜಕಾರಣಿಗಳ ಕೈವಾಡವುಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಹೊರೆಯನ್ನು ಒಟ್ಟಾಗಿ ಹೊರುವುದು ಸಾಧ್ಯ ಎಂಬುದಕ್ಕೆ ನಮ್ಮೂರಿನದೇ ಸಾಕ್ಷಿ ಅದು.

ದೇಶದಲ್ಲಿ ಉಗ್ರಾಣ ನಿಗಮಗಳು ಹುಟ್ಟಿದ್ದೂ ಇದೇ ವಿಚಾರದಿಂದ. 1954ರಲ್ಲಿ ಗ್ರಾಮೀಣ ಸಾಲ ಸಮೀಕ್ಷೆಯ ಸಮಿತಿ ವರದಿ ಕೊಟ್ಟಿತು. 1956ರಲ್ಲಿ ಕಾಯಿದೆಯಾಯಿತು. 1957ರಲ್ಲಿ ಕೇಂದ್ರದ ನಿಗಮವೂ ನಮ್ಮ ರಾಜ್ಯದ ನಿಗಮವೂ ಹುಟ್ಟಿದವು. ಬೆಳೆಯನ್ನು ಸರ್ಕಾರದ ಉಗ್ರಾಣದಲ್ಲಿಟ್ಟು, ರಸೀತಿಯ ಮೇಲೆ ಬ್ಯಾಂಕಿನಿಂದ ಸಾಲ ಪಡೆದು, ಬೆಲೆ ಬರುವ ತನಕ ರೈತ ಕಾಯಬಲ್ಲವನಾಗಲಿ ಎಂಬುದು ಅದರ ಉದ್ದೇಶ. ರೈತನಿಗೆ ಸಲ್ಲುವ ನ್ಯಾಯ ಸಣ್ಣ ಕಾರಖಾನೆದಾರನಿಗೇಕೆ ಸಲ್ಲಬಾರದು? ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಲಿಯು ಪಿಲ್ಲಗುಂಪೆಯಲ್ಲಿ ಒಂದು ನಿವೇಶನ ಬಿಟ್ಟುಕೊಡಲಿ, ರಾಜ್ಯ ಉಗ್ರಾಣ ನಿಗಮ ಕಟ್ಟಡ ಕಟ್ಟಲಿ, ಸಣ್ಣ ಉದ್ಯಮಿಗಳು ಸಹಕಾರ ಸಂಘ ಮಾಡಿಕೊಂಡು ಅದನ್ನು ನಡೆಸಲಿ, ಅಲ್ಲಿಯ ಹಮಾಲರಿಗೆ ಮಸ್ಟರ್ ರೋಲಿನಲ್ಲಿ ಹೆಸರಿರಲಿ. ಇದು ಕ್ರಾಂತಿಯೇನಲ್ಲ, ನಿಗಮ ಹುಟ್ಟಿದ ಉದ್ದೇಶವನ್ನು ಒಂದು ಹೆಜ್ಜೆ ಮುಂದೆ ಒಯ್ಯುವುದಷ್ಟೆ.

ಅದು ಆಗುವ ತನಕ ಪಿಲ್ಲಗುಂಪೆಯ ಯಜಮಾನರಲ್ಲಿ ನಮ್ಮದೊಂದು ಕೇಳಿಕೆ. ಸಾಗಣೆ ಕಂಪೆನಿಯವರು ಕರಾರುಪತ್ರ ಹಿಡಿದು ಸಹಿಗೆ ಬಂದಾಗ, ದರದ ಪಟ್ಟಿಯ ಜೊತೆಗೆ ಹಾಜರಿ ಪುಸ್ತಕ, ಭವಿಷ್ಯನಿಧಿ ಕಟ್ಟಿದ ರಸೀತಿ, ಇ.ಎಸ್.ಐ. ಸಂಖ್ಯೆಗಳು, ಈ ಮೂರನ್ನೂ ತೋರಿಸಿರೆಂದು ಕೇಳಿ. ತೋರಿಸದವನಿಗೆ ಸಹಿ ಹಾಕಬೇಡಿ.