ಪ್ರವಾಸದ ಪಟ್ಟಿ ಯಾರದು?

ಹಬ್ಬದ ಬೋನಸ್ಸು ಕೈಸೇರಿತೆಂದರೆ ನಮ್ಮ ಗಿರಣಿ ಕೇರಿಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಚೀಟಿ ಹಾಕಿ ಹಣ ಕೂಡಿಸಿದ ಹತ್ತು ಸಂಸಾರಗಳು ಸೇರಿ ಒಂದು ಬಸ್ಸು ಗೊತ್ತುಮಾಡುತ್ತವೆ. ಎಲ್ಲಿಗೆ ಹೋಗಬೇಕೆಂಬುದನ್ನು ಮಾತ್ರ ಬಸ್ಸಿನವನು ಗೊತ್ತುಮಾಡುತ್ತಾನೆ. ಅವನ ಪಟ್ಟಿ ಮೊದಲೇ ಸಿದ್ಧ: ವಿಧಾನಸೌಧವನ್ನು ಬೇಲಿಯಾಚೆಯಿಂದ ನೋಡುವುದು, ಲಾಲ್‌ಬಾಗಿನಲ್ಲಿ ಅರ್ಧ ಗಂಟೆ, ಕೊನೆಗೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಮೂರು ಗಂಟೆ.

ಪಕ್ಷದ ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ ಇಂಥ ಒಂದು ತಂಡವನ್ನು ಆ ಬೀದಿಯಲ್ಲಿ ಕಂಡೆವು. ಮಕ್ಕಳು ನಿದ್ದೆಗಣ್ಣಿನಲ್ಲಿ ಅಳುತ್ತಿದ್ದವು. ಹೆಂಗಸರ ಕೈತುಂಬ ಚೀಲ. ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದ ಒಬ್ಬ ಹಿರಿಯರು, "ಇಲ್ಲಿ ನೋಡೋದು ಏನೈತೆ ಸ್ವಾಮಿ? ದುಡ್ಡು ಖರ್ಚಾತು, ಅಷ್ಟೆ" ಎಂದರು. ಆ ಕ್ಷಣಕ್ಕೆ ನಮಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತಿದ್ದೇವೆ.

ಮೊದಲನೆಯದಾಗಿ, ರಜೆ ಯಾರೂ ನಮಗೆ ಕೊಟ್ಟ ದಾನವಲ್ಲ. 1936ರಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳಲ್ಲೇ ಕುಳಿತು ಮುಷ್ಕರ ಹೂಡಿದ ಮೇಲೆ ಅವರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ದೊರೆಯಿತು. ಸಮುದ್ರವನ್ನೇ ಕಾಣದಿದ್ದ ಸಾವಿರಾರು ಸಂಸಾರಗಳು ಅಂದು ಮೊದಲ ಬಾರಿಗೆ ರೈಲು ಹತ್ತಿದವು. ನಮ್ಮಲ್ಲಿ 1948ರ ಫ್ಯಾಕ್ಟರಿ ಕಾಯಿದೆಯು 240 ದಿನ ದುಡಿದವನಿಗೆ ಇಪ್ಪತ್ತು ದಿನಕ್ಕೊಂದರಂತೆ ಸಂಬಳದ ರಜೆಯ ಹಕ್ಕು ಕೊಟ್ಟಿತು. ಅಂಗಡಿ ನೌಕರರ ಪಾಲಿಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಬಂತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ, ಬಸ್ ಚಾರ್ಜಿಗೆ ಗಂಡನ ಮುಖ ನೋಡುತ್ತಿದ್ದ ತಾಯಂದಿರು ತಾವೇ ಊರು ಬಿಟ್ಟು ಹೊರಟರು. ಇಷ್ಟು ಕಷ್ಟದಿಂದ ಬಂದ ಬಿಡುವನ್ನು ಹೇಗೆ ಕಳೆಯಬೇಕೆಂದು ಮತ್ತೊಬ್ಬನು ತೀರ್ಮಾನಿಸುವುದೇ?

ಆ ಹಿರಿಯರು ಕುಳಿತಿದ್ದ ಮೆಟ್ಟಿಲಿನಿಂದಲೇ ಆರಂಭಿಸೋಣ. 1809ರಲ್ಲಿ ಇಂಗ್ಲಿಷರು ಬೆಂಗಳೂರಿನಲ್ಲಿ ದಂಡು ಹೂಡಿದರು. ಸೈನ್ಯ ಬಂದ ಮೇಲೆ ಅದಕ್ಕೆ ಅಡಿಗೆಯವರು, ಅಗಸರು, ದರ್ಜಿಗಳು, ಕುದುರೆಯಾಳುಗಳು, ವ್ಯಾಪಾರಿಗಳು ಬೇಕಾದರು. ಅವರ ಬೆವರಿನಿಂದ ಎದ್ದ ಪೇಟೆ ಇದು. ಅಲ್ಲಿಂದ ನಡೆದೇ ಹೋದರೆ 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟು. ಅದರ ಬಳಿಯಲ್ಲೇ ಸಂತ ಮೇರಿಯ ಚರ್ಚು. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ಎಲ್ಲ ಮತದವರೂ ನೆರೆಯುತ್ತಾರೆ. ಪೂರ್ವಕ್ಕೆ ಇನ್ನಷ್ಟು ನಡೆದರೆ ಹಲಸೂರಿನ ಕೆರೆ, ಸೋಮೇಶ್ವರ ದೇವಾಲಯ. ಇದಾವುದೂ ಬಸ್ಸಿನವನ ಪಟ್ಟಿಯಲ್ಲಿಲ್ಲ.

ದಂಡಿನ ಕಥೆ ಹೇಳುವವರು ಒಂದು ಸಂಗತಿಯನ್ನು ಮಾತ್ರ ಮರೆಯುವುದಿಲ್ಲ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚರ್ಚಿಲ್ ತರುಣ ಅಧಿಕಾರಿಯಾಗಿ ಇಲ್ಲಿದ್ದಾಗ ಸಾಹೇಬರ ಕ್ಲಬ್ಬಿಗೆ ತೀರಿಸದೆ ಹೋದ 13 ರೂಪಾಯಿಯ ಬಾಕಿ ಇಂದಿಗೂ ಲೆಕ್ಕದ ಪುಸ್ತಕದಲ್ಲಿದೆಯಂತೆ. ಅದನ್ನು ಅಭಿಮಾನದಿಂದ ತೋರಿಸುತ್ತಾರೆ! ಕಾರ್ಮಿಕನ ಸಾಲಕ್ಕೆ ಮನೆಯ ಪಾತ್ರೆ ಹೋಗುತ್ತದೆ. ದೊಡ್ಡವರ ಸಾಲ ಪ್ರೇಕ್ಷಣೀಯವಾಗುತ್ತದೆ. ಚರಿತ್ರೆಯನ್ನು ಆರಿಸುವವರು ಯಾರೆಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನೊಂದು ದಿನವಿದ್ದರೆ ರೈಲು ಹತ್ತಿರಿ. ದಂಡಿನ ನಿಲ್ದಾಣಕ್ಕೆ ಹಳಿ ಬಂದದ್ದು 1864ರಲ್ಲಿ. ಅದೇ ಹಳಿ ಕೃಷ್ಣರಾಜಪುರದ ಮೇಲೆ ಬಂಗಾರಪೇಟೆಗೆ, ಅಲ್ಲಿಂದ ಕವಲೊಡೆದು ಕೋಲಾರದ ಚಿನ್ನದ ಗಣಿಗೆ ಹೋಗುತ್ತದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ತಲುಪಿದ್ದು ಈ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ. 1930ರಲ್ಲಿ, ತಮ್ಮ ಬೆರಳಚ್ಚು ತೆಗೆಯುವುದನ್ನು ವಿರೋಧಿಸಿ ಇಲ್ಲಿನ ಕೂಲಿಗಳು ಮುಷ್ಕರ ಹೂಡಿದರು. ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಜನ ಅವರು. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಹೋಯಿತು, ಸಯನೈಡಿನ ಮಣ್ಣಿನ ದಿಬ್ಬಗಳು ಉಳಿದವು. ಗಿರಣಿ ಕಾರ್ಮಿಕನಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಯಾವುದು?

ಬರೀ ಕಷ್ಟವನ್ನೇ ನೋಡಿ ಬನ್ನಿ ಎನ್ನುವುದು ನಮ್ಮ ಮಾತಲ್ಲ. ಚೆಲುವು ಸಿರಿವಂತರ ಸ್ವತ್ತಲ್ಲ. ಜೋಗದ ನೀರು ಟಿಕೆಟ್ಟಿನ ದರ್ಜೆ ನೋಡಿ ಧುಮುಕುವುದಿಲ್ಲ. ಜೋಗಕ್ಕೆ ಖಂಡಿತ ಹೋಗಿ. ಆದರೆ ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದನ್ನೂ, ಅಲ್ಲಿ ಲೋಹಿಯಾ ಅವರು ಬಂಧನಕ್ಕೊಳಗಾದುದನ್ನೂ ಮಕ್ಕಳಿಗೆ ಹೇಳಿ. ಲಿಂಗನಮಕ್ಕಿಯ ನೀರಿನಡಿ ಯಾರ ಗದ್ದೆ ಮನೆಗಳು ಮುಳುಗಿವೆ ಎಂಬುದನ್ನೂ ತಿಳಿಸಿ. ನಾಗರ ಕಲ್ಲಿನ ಪೂಜೆಗೆ ವಿದುರಾಶ್ವತ್ಥಕ್ಕೆ ಹೋಗುವ ತಾಯಂದಿರು, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದ ಸಭೆಯ ಮೇಲೆ ಪೊಲೀಸರು ಗುಂಡು ಹಾರಿಸಿದ ನೆಲವೂ ಅದೇ ಎಂಬುದನ್ನು ನೆನೆದು ಸ್ಮಾರಕಕ್ಕೂ ಕೈಮುಗಿಯಲಿ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಮಕ್ಕಳನ್ನು ಅರಮನೆಗೆ ಕರೆದೊಯ್ದು ರಾಜರ ಹೆಸರುಗಳನ್ನು ಬರೆಸಿದೆವು. ಅರಮನೆ ಕಟ್ಟಿದವರ ವಿಷಯ ಒಂದು ಮಗುವೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಅದು ನಮ್ಮ ತಪ್ಪು.

ಸಣ್ಣ ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ಕಮರ್ಷಿಯಲ್ ಸ್ಟ್ರೀಟಿನ ಮೇಲೆ ನಮಗೆ ಹಗೆಯಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ನಿಂತು ಬಟ್ಟೆ ಬಿಚ್ಚಿ ತೋರಿಸುವ ಅಲ್ಲಿನ ನೌಕರನೂ ನಮ್ಮವನೇ. ಆದರೆ ವರ್ಷವಿಡೀ ಉದ್ರಿ ಕೊಟ್ಟು ಕಾಪಾಡಿದವನು ನಮ್ಮೂರ ಅಂಗಡಿಯವನು. ಬೋನಸ್ಸಿನ ನಗದು ಮಾತ್ರ ದೂರದ ಬೀದಿಗೆ ಎಂದರೆ ನ್ಯಾಯವೇ? ಬೀದಿ ನೋಡಿ, ಚಹಾ ಕುಡಿಯಿರಿ, ಒಂದು ಗಂಟೆ ಸಾಕು. ಸೀರೆಯನ್ನು ಊರಿನಲ್ಲೇ ಕೊಳ್ಳಿ.

ಆದಕಾರಣ ಯೂನಿಯನ್ನುಗಳೂ ವರ್ತಕರ ಸಂಘಗಳೂ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಹೊರಡುವ ಮುನ್ನ ಹೆಂಗಸರನ್ನೂ ಕೂಡಿಸಿ ಸಭೆ ಮಾಡಿರಿ. ದಿನಕ್ಕೆ ಎರಡು ಜಾಗ ಸಾಕು: ಕಣ್ಣಿಗೆ ತಂಪಾದುದು ಒಂದು, ನಮ್ಮ ಜನರ ಚರಿತ್ರೆ ಹೇಳುವುದು ಒಂದು. ಸಾಲ ಮಾಡಿ ಹೋಗುವ ಪ್ರವಾಸ ಬೇಡ. ಆಮೇಲೆ ಬಸ್ಸಿನವನನ್ನು ಕರೆದು ನಮ್ಮ ಪಟ್ಟಿಯನ್ನು ಅವನ ಕೈಗೆ ಕೊಡೋಣ.