ಮುಂದಿನ ಬ್ರೇಕು

ಮೋಟಾರು ಸೈಕಲ್ಲಿನ ವಿಷಯವಾಗಿ ನಾನು ಬರೆಯುವುದೆಂದರೆ ಈಜು ಬಾರದವನು ಹೊಳೆಯ ಆಳ ಹೇಳಿದಂತೆ ಎಂದು ಈ ಅಂಕಣದ ಹಳೆಯ ಓದುಗರು ನಕ್ಕಾರು. ನಗಲಿ. ನನ್ನ ವಾಹನಯೋಗವು ಸೈಕಲ್ಲಿನಿಂದ ನೇರವಾಗಿ ಸಿಟಿ ಬಸ್ಸಿಗೆ ಜಿಗಿದದ್ದು ನಿಜವೇ. ಆದರೆ 2024ರ ದಸರೆಯ ವಾರದಲ್ಲಿ ಮೈಸೂರಿನ ಅಕ್ಕನ ಮನೆಗೆ ಹೋಗಿದ್ದಾಗ ಒಂದು ಪಂಚಾಯಿತಿಗೆ ನಾನೇ ಮಧ್ಯಸ್ಥನಾಗಬೇಕಾಯಿತು. ವ್ಯಾಜ್ಯದ ವಸ್ತು ಬ್ರೇಕು.

ಅಕ್ಕನ ಮಗನಿಗೆ ಆಗತಾನೆ ಕೆಲಸ ಸಿಕ್ಕಿತ್ತು. ಊರ ಹೊರಗಿನ ಕಾರ್ಖಾನೆ. ಹೋಗಿ ಬರಲು ದಿನಕ್ಕೆ ನಲವತ್ತು ಕಿಲೋಮೀಟರು. 125 ಸಿ.ಸಿ.ಯ ಒಂದು ಮೋಟಾರು ಸೈಕಲ್ಲನ್ನು ನೋಡಿ ಗೊತ್ತು ಮಾಡಿಕೊಂಡು ಬಂದಿದ್ದ. ಅದೇ ಗಾಡಿ, ಅದೇ ಬಣ್ಣ, ಬಗೆ ಮಾತ್ರ ಎರಡು. ಒಂದರಲ್ಲಿ, ಕಾಲಿನ ಬ್ರೇಕನ್ನು ತುಳಿದರೆ ಮುಂದಿನ ಚಕ್ರಕ್ಕೂ ಕೊಂಚ ಹಿಡಿತ ಬೀಳುವ ಜೋಡಿ ಬ್ರೇಕಿನ ಏರ್ಪಾಡು. ಇನ್ನೊಂದರಲ್ಲಿ ಮುಂದಿನ ಚಕ್ರಕ್ಕೆ ಎ.ಬಿ.ಎಸ್. ಎಂಬುದು, ಅಂದರೆ ಎಷ್ಟು ಬಲವಾಗಿ ಹಿಡಿದರೂ ಚಕ್ರವು ಲಾಕಾಗದಂತೆ ನೋಡಿಕೊಳ್ಳುವ ಬ್ರೇಕು. ಬೆಲೆಯಲ್ಲಿ ಹೆಚ್ಚುಕಡಿಮೆ ಐದು ಸಾವಿರ ರೂಪಾಯಿಗಳ ಅಂತರ. ಹುಡುಗನಿಗೆ ಎರಡನೆಯದೇ ಆಗಬೇಕು. ಭಾವನವರು ಕೂಡದೆನ್ನುತ್ತಾರೆ.

ಭಾವನವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಬ್ಯಾಂಕಿನ ನೌಕರಿಗೆ ಸೇರಿದ ಹೊಸದರಲ್ಲಿ, 1986ರಲ್ಲಿ, ಅವರು ಕೊಂಡ ಎಜ್ಡಿ ಗಾಡಿ ಮೈಸೂರಿನಲ್ಲಿಯೇ ತಯಾರಾದದ್ದು. ಅದನ್ನು ಇಪ್ಪತ್ತೆರಡು ವರ್ಷ ಓಡಿಸಿದವರು. “ನೋಡಪ್ಪ, ಆ ಗಾಡಿಗೆ ಎರಡು ಡ್ರಮ್ ಬ್ರೇಕು ಬಿಟ್ಟರೆ ಮತ್ತೇನೂ ಇರಲಿಲ್ಲ. ಬ್ರೇಕು ಹಿಡಿಯಬೇಕಾದದ್ದು ತಲೆಯಿಂದ. ತಲೆ ನೆಟ್ಟಗಿದ್ದವನಿಗೆ ಈ ಐದು ಸಾವಿರದ ಆಟಿಕೆ ಏತಕ್ಕೆ? ಒಂದೇ ಒಂದು ಸೂತ್ರ ಜ್ಞಾಪಕವಿಟ್ಟುಕೊಂಡರೆ ಸಾಕು: ಮುಂದಿನ ಬ್ರೇಕು ಮುಟ್ಟಬಾರದು. ಮುಟ್ಟಿದೆಯೋ, ಮುಗ್ಗರಿಸಿದೆ!”

ಈ ಸೂತ್ರ ಭಾವನವರೊಬ್ಬರದೇ ಅಲ್ಲ. ನಮ್ಮಲ್ಲಿ ತಂದೆ ಮಗನಿಗೆ, ಅಣ್ಣ ತಮ್ಮನಿಗೆ ಗಾಡಿ ಕಲಿಸುವಾಗ ಮೊದಲನೆಯ ಪಾಠವೇ ಇದು. ಬಲಗೈಯ ಬಳಿಯಿರುವ ಆ ಹಿಡಿಕೆಯನ್ನು ಏನೋ ವಿಷಜಂತುವೆಂಬಂತೆ ದೂರವಿಟ್ಟು, ಬಲಗಾಲನ್ನೇ ನೆಚ್ಚಿ ಆಯುಷ್ಯವೆಲ್ಲ ಗಾಡಿ ಓಡಿಸಿದವರು ಲಕ್ಷೋಪಲಕ್ಷ.

ಆಗ ಅಡಿಗೆಮನೆಯಿಂದ ಅಕ್ಕನ ದನಿ ಬಂದಿತು. “ಹಾಗಾದರೆ ಕಡಕೊಳದ ಹತ್ತಿರ ಬಿದ್ದದ್ದು ಯಾರು?”

ಭಾವನವರು ವೃತ್ತಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಅದು 1994ರ ಶ್ರಾವಣದ ಮಾತು. ಮದುವೆಯಾಗಿ ವರ್ಷ ತುಂಬಿದ್ದ ದಂಪತಿಗಳು ನಂಜನಗೂಡಿನಲ್ಲಿ ದೇವರ ದರ್ಶನ ಮಾಡಿಕೊಂಡು ಮರಳುತ್ತಿದ್ದಾಗ ಹನಿ ಬಿದ್ದು ರಸ್ತೆ ನೆನೆದಿತ್ತು. ಎಲ್ಲಿಂದಲೋ ಕರುವೊಂದು ಅಡ್ಡ ಬಂದಿತು. ಭಾವನವರು ಸೂತ್ರಕ್ಕೆ ಅನುಸಾರವಾಗಿಯೇ ನಡೆದರು: ಮುಂದಿನ ಬ್ರೇಕನ್ನು ಮುಟ್ಟಲಿಲ್ಲ, ಹಿಂದಿನದನ್ನು ಬಲವಾಗಿ ತುಳಿದರು. ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿತು, ಗಾಡಿ ನಿಲ್ಲಲಿಲ್ಲ. ಬಾಲ ಬೀಸಿದಂತೆ ಪಕ್ಕಕ್ಕೆ ಜಾರಿ ಮಲಗಿತು. ಕರುವಿಗೆ ಏನೂ ಆಗಲಿಲ್ಲ. ಭಾವನವರಿಗೆ ಮೊಣಕಾಲು ತರಚಿತು. ಹಿಂದೆ ಕುಳಿತಿದ್ದ ಅಕ್ಕ ಎಡಗೈ ಊರಿ ಬಿದ್ದಳು. ಆ ಮಣಿಕಟ್ಟು ಇಂದಿಗೂ ಪೂರ್ತಿಯಾಗಿ ಮಡಚುವುದಿಲ್ಲ. ಚಪಾತಿ ಲಟ್ಟಿಸುವಾಗ ಅವಳು ಭಾರವನ್ನೆಲ್ಲ ಬಲಗೈಗೇ ಕೊಡುತ್ತಾಳೆ. ಮನೆಗೆ ಬಂದವರಿಗೆ ಇದು ಕಾಣುವುದಿಲ್ಲ. ನನಗೆ ಕಾಣುತ್ತದೆ; ಭಾವನವರಿಗೂ ಕಾಣುತ್ತಿರಬೇಕು.

ಸೂತ್ರವನ್ನು ಪಾಲಿಸಿಯೂ ಬಿದ್ದದ್ದು ಹೇಗೆ? ಓಡುವ ಗಾಡಿಯನ್ನು ತಡೆದಾಗ ಅದರ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಬಸ್ಸಿನಲ್ಲಿ ನಿಂತವರು ಡ್ರೈವರನ ಕಡೆಗೆ ಮುಗ್ಗರಿಸುವುದಿಲ್ಲವೆ, ಹಾಗೆ. ಮುಂದಿನ ಟೈರು ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಆದುದರಿಂದ ಗಾಡಿಯನ್ನು ನಿಲ್ಲಿಸುವ ಶಕ್ತಿಯ ಬಹುಪಾಲು ಇರುವುದು ಮುಂದಿನ ಚಕ್ರದಲ್ಲಿಯೇ. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವವನು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತಾನೆ. ಒಣ ರಸ್ತೆಯಲ್ಲಿ ಎರಡು ಬ್ರೇಕುಗಳನ್ನೂ ಚೆನ್ನಾಗಿ ಹಿಡಿದರೆ 20 ಮೀಟರಿನ ಆಸುಪಾಸಿನಲ್ಲಿ ನಿಲ್ಲಬಹುದು. ಹಿಂದಿನದೊಂದನ್ನೇ ನಂಬಿದವನಿಗೆ ಅದರ ಎರಡರಷ್ಟು ದೂರ ಬೇಕು. ಆ ಹೆಚ್ಚಿನ 20 ಮೀಟರಿನಲ್ಲಿ ಕರುವೇ ಇರಬಹುದು, ಶಾಲೆಯ ಹುಡುಗನೇ ಇರಬಹುದು.

ಹಾಗೆಂದು ಭಾವನವರ ಸೂತ್ರವನ್ನು ಮೂಢನಂಬಿಕೆಯೆಂದು ನಗುವಂತೆಯೂ ಇಲ್ಲ. ಬಚ್ಚಲುಮನೆಯ ಪಾಚಿಗಟ್ಟಿದ ಕಲ್ಲಿನ ಮೇಲೆ ಹೆಜ್ಜೆಯಿಡುವಾಗ ಪಾದ ಊರಿಕೊಂಡಿರುವ ತನಕ ಹಿಡಿತ ಉಂಟು. ಒಮ್ಮೆ ಜಾರಿತೆಂದರೆ ಯಾವ ದಿಕ್ಕಿಗೆ ಹೋಗುವುದೆಂಬುದು ನಮ್ಮ ಕೈಯಲ್ಲಿಲ್ಲ. ಟೈರಿನ ಗತಿಯೂ ಅದೇ. ಉರುಳುತ್ತಿರುವ ತನಕ ಅದು ನೆಲವನ್ನು ಹಿಡಿದಿರುತ್ತದೆ, ತಿರುಗಿಸಿದತ್ತ ತಿರುಗುತ್ತದೆ. ಲಾಕಾಗಿ ಉಜ್ಜಿಕೊಂಡು ಹೋಗತೊಡಗಿದರೆ ಪಕ್ಕದ ಹಿಡಿತ ತಪ್ಪುತ್ತದೆ. ಕಾರಿಗೆ ನಾಲ್ಕು ಚಕ್ರ. ಜಾರಿದರೂ ಅಂಗಾತ ಬೀಳುವುದಿಲ್ಲ. ಮೋಟಾರು ಸೈಕಲ್ಲು ನೆಟ್ಟಗೆ ನಿಂತಿರುವುದೇ ಮುಂದಿನ ಚಕ್ರದ ದಯೆಯಿಂದ. ಅದು ಲಾಕಾಯಿತೆಂದರೆ ಸವಾರನು ‘ಅಯ್ಯೋ’ ಎನ್ನುವುದರೊಳಗೆ ನೆಲದ ಮೇಲಿರುತ್ತಾನೆ. ಹೀಗೆ, ಯಾವ ಬ್ರೇಕು ನಮ್ಮನ್ನು ಉಳಿಸಬಲ್ಲದೋ ಅದೇ ಬೀಳಿಸಲೂ ಬಲ್ಲದು. ನಮ್ಮ ಹಿರಿಯರು ಬೀಳುವ ಭಯಕ್ಕೆ ಉಳಿಯುವ ದಾರಿಯನ್ನೇ ಬಿಟ್ಟುಕೊಟ್ಟರು.

ಎ.ಬಿ.ಎಸ್. ಮಾಡುವ ಕೆಲಸವೆಲ್ಲ ಈ ಇಕ್ಕಟ್ಟಿನಲ್ಲಿಯೇ. ಚಕ್ರದ ಜೊತೆಗೆ ಸೀಳುಗಳುಳ್ಳ ಒಂದು ಬಳೆ ತಿರುಗುತ್ತಿರುತ್ತದೆ. ಪಕ್ಕದಲ್ಲಿ ಕುಳಿತ ಒಂದು ಸಂವೇದಕ ಆ ಸೀಳುಗಳನ್ನೆಣಿಸಿ ಚಕ್ರದ ವೇಗವನ್ನು ಪುಟ್ಟ ಕಂಪ್ಯೂಟರಿಗೆ ತಿಳಿಸುತ್ತದೆ. ಚಕ್ರದ ವೇಗವು ಇದ್ದಕ್ಕಿದ್ದಂತೆ ಕುಸಿದರೆ, ಲಾಕಾಗಲಿದೆ ಎಂದು ಅದಕ್ಕೆ ಅರ್ಥವಾಗುತ್ತದೆ. ಕೂಡಲೇ ಬ್ರೇಕಿನ ಎಣ್ಣೆಯ ಒತ್ತಡವನ್ನು ಕೊಂಚ ಸಡಿಲಿಸಿ, ಚಕ್ರ ಚೇತರಿಸಿಕೊಂಡೊಡನೆ ಮತ್ತೆ ಬಿಗಿ ಮಾಡುತ್ತದೆ; ಸೆಕೆಂಡಿಗೆ ಹಲವು ಬಾರಿ. ನುರಿತ ಲಾರಿ ಡ್ರೈವರರು ಜಾರುವ ರಸ್ತೆಯಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯುವುದುಂಟಷ್ಟೆ. ಗಾಬರಿಗೊಂಡ ಮನುಷ್ಯನ ಕೈಗೆ ಆ ವಿವೇಕವಾಗಲಿ ವೇಗವಾಗಲಿ ಇರುವುದಿಲ್ಲ. ಅವನು ಮಾಡುವುದು ಒಂದೇ: ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುವುದು.

ಇದರ ಚರಿತ್ರೆಯಲ್ಲಿ ಒಂದು ಸ್ವಾರಸ್ಯವುಂಟು. ವಿಮಾನಗಳ ಚಕ್ರಗಳಿಗಾಗಿ ಡನ್‌ಲಪ್ ಕಂಪನಿ ಮಾಡಿದ್ದ ಮ್ಯಾಕ್ಸರೆಟ್ ಎಂಬ ಇಂಥ ಸಾಧನವನ್ನು ಇಂಗ್ಲೆಂಡಿನ ರಸ್ತೆ ಸಂಶೋಧನಾಲಯದವರು 1958ರಲ್ಲಿಯೇ ಒಂದು ರಾಯಲ್ ಎನ್‌ಫೀಲ್ಡ್ ಮೋಟಾರು ಸೈಕಲ್ಲಿಗೆ ಜೋಡಿಸಿ ಪರೀಕ್ಷಿಸಿದರು. ಜಾರುವ ನೆಲದಲ್ಲಿ, ಚಕ್ರ ಲಾಕಾಗಿ ನಿಲ್ಲುವುದಕ್ಕಿಂತ ಶೇಕಡ 30ರಷ್ಟು ಕಡಿಮೆ ದೂರದಲ್ಲಿಯೇ ಗಾಡಿ ನಿಂತದ್ದೂ ಉಂಟು. ಆದರೆ ಕಂಪನಿಯ ತಾಂತ್ರಿಕ ನಿರ್ದೇಶಕರಿಗೆ ಇದರಲ್ಲಿ ಭವಿಷ್ಯವೇನೂ ಕಾಣಲಿಲ್ಲ. ಅದಕ್ಕೆ ಮೂರು ವರ್ಷ ಮೊದಲೇ, 1955ರಲ್ಲಿ, ನಮ್ಮ ಮದರಾಸಿನಲ್ಲಿ ಎನ್‌ಫೀಲ್ಡ್ ಕಾರ್ಖಾನೆ ಆರಂಭವಾಗಿತ್ತು ಎಂಬುದನ್ನು ನೆನೆದರೆ, ಆ ಒಬ್ಬ ಮಹನೀಯರು ‘ಹೂಂ’ ಎಂದಿದ್ದಲ್ಲಿ ಭಾವನವರ ಕಾಲದ ಗಾಡಿಗಳು ಹೇಗಿರುತ್ತಿದ್ದುವೋ ಎಂದು ಮನಸ್ಸು ಸುಮ್ಮನೆ ಕೇಳುತ್ತದೆ. ಮೂವತ್ತು ವರ್ಷಗಳ ಮೇಲೆ, 1988ರಲ್ಲಿ, ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ ವಿದ್ಯುನ್ಮಾನದ ಎ.ಬಿ.ಎಸ್. ಅಳವಡಿಸಿದ ಮೋಟಾರು ಸೈಕಲ್ಲನ್ನು ಮಾರಾಟಕ್ಕೆ ತಂದಿತು. ಆ ಸಾಧನದ ತೂಕ ಆಗ ಸುಮಾರು 11 ಕಿಲೋಗ್ರಾಂ. ಈಗ ಒಂದು ಕಿಲೋವಿಗಿಂತ ಕಡಿಮೆಯಲ್ಲಿ ಮುಗಿಯುತ್ತದೆ.

ನಮ್ಮ ಸರಕಾರದ 2016ರ ಆದೇಶದಂತೆ 125 ಸಿ.ಸಿ. ಮೀರಿದ ಗಾಡಿಗಳ ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದಲೂ, ಅಂಥ ಎಲ್ಲ ಗಾಡಿಗಳಿಗೆ 2019ರ ಏಪ್ರಿಲ್ 1ರಿಂದಲೂ ಎ.ಬಿ.ಎಸ್. ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವುಗಳಿಗೆ ಜೋಡಿ ಬ್ರೇಕಾದರೂ ಸಾಕೆಂದು ಬಿಟ್ಟರು. ನಮ್ಮ ಪಂಚಾಯಿತಿ ನಡೆದದ್ದು ಆ ರಿಯಾಯಿತಿಯ ಫಲವಾಗಿಯೇ. ಚಿಕ್ಕ ಗಾಡಿಗಳಿಗೂ ಇದನ್ನು ವಿಸ್ತರಿಸಬೇಕೆಂಬ ಕರಡು ನಿಯಮವನ್ನು ಕೇಂದ್ರ ಸಾರಿಗೆ ಸಚಿವಾಲಯವು ಪ್ರಕಟಿಸಿದ್ದು 2025ರ ಜೂನಿನಲ್ಲಿ, ನಮ್ಮ ಪಂಚಾಯಿತಿಯಾಗಿ ಎಂಟು ತಿಂಗಳಾದ ಮೇಲೆ. ಜೋಡಿ ಬ್ರೇಕು ಕೆಟ್ಟದ್ದೆಂದಲ್ಲ. ಕಾಲನ್ನಷ್ಟೇ ಬಳಸುವವನಿಗೆ ಅರಿವಿಲ್ಲದೆಯೇ ಮುಂದಿನ ಬ್ರೇಕಿನ ನೆರವನ್ನು ಕೊಡಿಸುತ್ತದೆ. ಆದರೆ ಚಕ್ರ ಲಾಕಾಗುವುದನ್ನು ಅದು ತಡೆಯಲಾರದು.

“ಲೆಕ್ಕ ತೋರಿಸು” ಎಂದರು ಬ್ಯಾಂಕಿನವರಾದ ಭಾವ. ಹುಡುಗ ಸಿದ್ಧನಾಗಿಯೇ ಬಂದಿದ್ದ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯು ಒಂದೇ ಮಾದರಿಯ ಗಾಡಿಗಳನ್ನು ಎ.ಬಿ.ಎಸ್. ಇರುವವು, ಇಲ್ಲದವು ಎಂದು ಹೋಲಿಸಿ, ಇರುವುವು ಮಾರಣಾಂತಿಕ ಅಪಘಾತಗಳಿಗೆ ಸಿಕ್ಕುವುದು ಶೇಕಡ 22ರಷ್ಟು ಕಡಿಮೆಯೆಂದು 2021ರಲ್ಲಿ ಕಂಡುಕೊಂಡಿತು. 2015ರಲ್ಲಿ ಬಂದ ಯೂರೋಪಿನ ಒಂದು ಅಧ್ಯಯನದಂತೆ ಗಾಯವುಂಟಾದ ಅಪಘಾತಗಳು ಇಟಲಿಯಲ್ಲಿ ಶೇಕಡ 24, ಸ್ಪೇನಿನಲ್ಲಿ 29, ಸ್ವೀಡನ್ನಿನಲ್ಲಿ 34ರಷ್ಟು ತಗ್ಗಿದ್ದುವು. ಭಾವನವರು ಕೂಡಲೇ ಆಕ್ಷೇಪವೆತ್ತಿದರು: “ಹಣ ಕೊಟ್ಟು ಅಂಥ ಬ್ರೇಕು ಕೊಳ್ಳುವವನು ಮೊದಲೇ ಜಾಗರೂಕನಿರಬೇಕು. ಪುಣ್ಯ ಅವನ ಸ್ವಭಾವದ್ದೋ ಬ್ರೇಕಿನದೋ?” ಆಕ್ಷೇಪದಲ್ಲಿ ಹುರುಳಿದೆ. ಆದರೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಬಗೆಯಿಂದ ಲೆಕ್ಕ ಹಾಕಿದಾಗಲೂ ಮುಳ್ಳು ಒಂದೇ ಕಡೆಗೆ ತಿರುಗುವುದಾದರೆ, ಎಲ್ಲವನ್ನೂ ಸ್ವಭಾವದ ಖಾತೆಗೆ ಬರೆಯುವುದು ನ್ಯಾಯವಲ್ಲವೆಂದು ಮಧ್ಯಸ್ಥನು ತೀರ್ಪಿತ್ತನು.

ಮಧ್ಯಸ್ಥನು ಹುಡುಗನಿಗೂ ನಾಲ್ಕು ಮಾತು ಹೇಳಬೇಕಾಯಿತು. ನಮ್ಮ ಮೈಸೂರು, ಮಂಡ್ಯದ ಸೀಮೆಯ ರಸ್ತೆಗಳಲ್ಲಿ ಸುಗ್ಗಿಯ ಕಾಲಕ್ಕೆ ರಾಗಿಯ ತೆನೆ, ಹುರುಳಿಯ ಸೊಪ್ಪು ಹರಡಿರುತ್ತಾರೆ. ವಾಹನಗಳೇ ಒಕ್ಕಣೆ ಮಾಡಿಕೊಟ್ಟು ಹೋಗಲಿ ಎಂದು. ಅಲ್ಲಿ ಟೈರಿಗೂ ರಸ್ತೆಗೂ ಭೇಟಿಯೇ ಇಲ್ಲ. ಇಲ್ಲದ ಹಿಡಿತವನ್ನು ಯಾವ ಕಂಪ್ಯೂಟರೂ ಹುಟ್ಟಿಸಲಾರದು. ಸಡಿಲ ಜಲ್ಲಿಯ ಮೇಲೆ ಎ.ಬಿ.ಎಸ್. ಇರುವ ಗಾಡಿ ನಿಲ್ಲಲು ಒಮ್ಮೊಮ್ಮೆ ಹೆಚ್ಚಿನ ದೂರವನ್ನೇ ತೆಗೆದುಕೊಳ್ಳುತ್ತದೆ. ತಿರುವಿನಲ್ಲಿ ಗಾಡಿ ವಾಲಿರುವಾಗ ಈ ಅಗ್ಗದ ಬಗೆಯ ಸಾಧನದ ಭರವಸೆ ಕಡಿಮೆ. ಸವೆದ ಟೈರಿಗೆ ಅದು ಮದ್ದಲ್ಲ. ಹಿಂದಿನಿಂದ ಬಂದು ಗುದ್ದುವ ಲಾರಿಗಂತೂ ನಮ್ಮ ಬ್ರೇಕಿನ ಸಂಗತಿಯೇ ಬೇಕಿಲ್ಲ. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44 ಮಂದಿಗಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟ್ಟಿಲ್ಲದೆ ಸತ್ತವರು 50,000ಕ್ಕೂ ಮೇಲೆ. ಅವರಲ್ಲಿ 14,000ಕ್ಕೂ ಹೆಚ್ಚು ಮಂದಿ ಹಿಂದೆ ಕುಳಿತವರು. ತಲೆಗೆ ಹೆಲ್ಮೆಟ್ಟು ಹಾಕದೆ ಚಕ್ರಕ್ಕೆ ಎ.ಬಿ.ಎಸ್. ಕೊಳ್ಳುವವನನ್ನು ಏನೆಂದು ಕರೆಯಬೇಕೋ ನಾನರಿಯೆ.

ಇಷ್ಟೆಲ್ಲ ಕಳೆದ ಮೇಲೂ ನನ್ನ ಮತ ಹುಡುಗನ ಪಕ್ಷಕ್ಕೇ ಬಿತ್ತು. ಐದು ಸಾವಿರಕ್ಕೆ ಅವನು ಕೊಳ್ಳುತ್ತಿದ್ದುದು, ಮುಂದಿನ ಬ್ರೇಕನ್ನು ಭಯವಿಲ್ಲದೆ ಹಿಡಿಯುವ ಸ್ವಾತಂತ್ರ್ಯವನ್ನು. ಕಡಕೊಳದ ಬಳಿ ಭಾವನವರ ಬಲಗೈಗೆ ಇಲ್ಲದಿದ್ದುದು ಅದೇ.

ದೀಪಾವಳಿಗೆ ಗಾಡಿ ಮನೆಗೆ ಬಂದಿತು. ಪೂಜೆಯಾದ ಮೇಲೆ ತಂದೆಮಕ್ಕಳು ಊರಾಚೆಯ ಬಯಲಿಗೆ ಹೋಗಿ, ಅಲ್ಲಿಯ ಸಿಮೆಂಟಿನ ನೆಲಕ್ಕೆ ನಾಲ್ಕು ಕೊಡ ನೀರು ಹೊಯ್ದರಂತೆ. ಮೊದಲು ಮಗ ಹಿಡಿದು ತೋರಿಸಿದ. ಆಮೇಲೆ ಭಾವನವರು ಹತ್ತಿ, ಗಂಟೆಗೆ ಮೂವತ್ತರ ವೇಗದಲ್ಲಿ ನೇರವಾಗಿ ಬಂದು, ಜನ್ಮದಲ್ಲಿ ಮೊದಲ ಬಾರಿಗೆ ಮುಂದಿನ ಬ್ರೇಕನ್ನು ಮುಷ್ಟಿಯಲ್ಲಿ ಬಿಗಿದರು. ಹಿಡಿಕೆ ಬೆರಳುಗಳ ಕೆಳಗೆ ಗುಡುಗುಡು ನಡುಗಿತು. ಗಾಡಿ ನೆಟ್ಟಗೆ ನಿಂತಿತು. “ಹಿಡಿಕೆಯೊಳಗೆ ಏನೋ ಜೀವ ಮಿಸುಕಾಡಿದ ಹಾಗಾಯಿತು. ಗಾಬರಿಯಿಂದ ಬಿಟ್ಟುಬಿಡುತ್ತಿದ್ದೆ; ಬಿಡಬಾರದು ಅಂತ ಇವನು ಮೊದಲೇ ಹೇಳಿದ್ದ” ಎಂದು ಮನೆಗೆ ಬಂದು ವರ್ಣಿಸಿದರು.

ಅಕ್ಕ ಕೇಳಿದಳು: “ಇದು ಹಿಂದಿನ ಚಕ್ರಕ್ಕೂ ಉಂಟೇನೋ?”

“ಇಲ್ಲಮ್ಮ, ಮುಂದಿನದಕ್ಕೆ ಮಾತ್ರ. ಎರಡಕ್ಕೂ ಇರುವುದು ದೊಡ್ಡ ಗಾಡಿಯಲ್ಲಿ. ಹಿಂದಿನದನ್ನು ತುಳಿಯುವಾಗ ಇನ್ನೂ ಹುಷಾರಾಗಿಯೇ ಇರಬೇಕು.”

“ಸರಿ. ಕೂರುವವಳು ನಾನು ಹಿಂದೆ ತಾನೆ?”

ಭಾವನವರು ಏನೂ ಹೇಳಲಿಲ್ಲ. ಮರುದಿನ ಪೇಟೆಗೆ ಹೋದವರು ಇನ್ನೊಂದು ಹೆಲ್ಮೆಟ್ಟನ್ನು ತಂದು ಮೇಜಿನ ಮೇಲಿಟ್ಟರು. ಅಳತೆ ಅಕ್ಕನದು.